ಕ್ರೆಬ್ಸ್ ಸೈಕಲ್ಲು ಮತ್ತು ಬಾಣಂತಿ ಪಥ್ಯ

ಎಂಬಿಬಿಎಸ್ ಮುಗಿಸಿದ ಯಾರನ್ನಾದರೂ ಹಿಡಿದು "ಫಸ್ಟ್ ಇಯರ್ ಬಯೋಕೆಮಿಸ್ಟ್ರಿಯಲ್ಲಿ ಏನು ನೆನಪಿದೆ ಮಾರಾಯ್ರೇ?" ಅಂತ ಕೇಳಿ ನೋಡಿ. ಮೊದಲು ನಗ್ತಾರೆ. ಆಮೇಲೆ "ಕ್ರೆಬ್ಸ್ ಸೈಕಲ್" ಅಂತಾರೆ. ಆ ಸೈಕಲ್ಲಿನಲ್ಲಿ ಏನಿತ್ತು ಅಂತ ಕೇಳಿದರೆ ಮತ್ತೆ ನಗ್ತಾರೆ. ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡಿ, ಮರುದಿನ ಹಾಳೆಯ ಮೇಲೆ ಕಾರಿಕೊಂಡು, ಮೂರನೇ ದಿನಕ್ಕೆ ಮರೆತ ವಿಷಯ ಅದು. ಈ ಮಾತನ್ನು ಡಾಕ್ಟರುಗಳು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ ಅನ್ನೋದು ನನ್ನ ಮೊದಲ ತಕರಾರು. ಅನಾಟಮಿ ಮರೆತೆ ಅಂತ ಯಾರೂ ಇಷ್ಟು ಖುಷಿಯಿಂದ ಹೇಳುವುದಿಲ್ಲ.

ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಕೂತು ರಿಪೋರ್ಟುಗಳಿಗೆ ಸಹಿ ಹಾಕುವ ಜಾತಿಯವನು. ರೋಗಿಗಳು ನನ್ನ ಮುಖ ನೋಡುವುದಿಲ್ಲ, ನಾನು ಅವರ ರಕ್ತ ನೋಡುತ್ತೇನೆ, ಅಷ್ಟೆ :-) ಈ ಬ್ಲಾಗಿಗೆ ಬರುವ ನಿಮ್ಮಲ್ಲಿ ಹೆಚ್ಚಿನವರು ಸಾಫ್ಟ್‌ವೇರಿನವರು, ಮೇಷ್ಟ್ರುಗಳು, ಪತ್ರಕರ್ತರು. ಮೆಡಿಕಲ್ ಕಾಲೇಜಿನಲ್ಲಿ ಯಾವ ಪಾಠ ಹೇಗೆ ನಡೆದರೆ ನಮಗೇನು ಅಂತ ಅನ್ನಿಸಬಹುದು. ಆದರೆ ನಿಮ್ಮ ಅಮ್ಮನ ಶುಗರ್ ರಿಪೋರ್ಟು, ನಿಮ್ಮ ಮಾವನ ಕಿಡ್ನಿ ರಿಪೋರ್ಟು, ನಿಮ್ಮ ತಂಗಿಯ ಥೈರಾಯ್ಡ್ ರಿಪೋರ್ಟು, ಇದಿಷ್ಟೂ ಬಯೋಕೆಮಿಸ್ಟ್ರಿಯೇ. ಅದನ್ನು ಓದಿ ಮಾತ್ರೆ ಬರೆಯುವವರು ಇದೇ ನಗುವ ಡಾಕ್ಟರುಗಳೇ. ಹಾಗಾಗಿ ಸ್ವಲ್ಪ ಸಹಿಸಿಕೊಳ್ಳಿ.

ಮೊದಲು ಈ ವಿಷಯವನ್ನು ಹೇಗೆ ಕಲಿಸುತ್ತಾರೆ ಅಂತ ಹೇಳಿಬಿಡುತ್ತೇನೆ. ಮೆಜೆಸ್ಟಿಕ್ಕಿನಿಂದ ಬನಶಂಕರಿಗೆ ಹೋಗುವ ಬಸ್ಸಿನ ಎಲ್ಲ ಸ್ಟಾಪುಗಳ ಹೆಸರನ್ನು ನಿಮಗೆ ಬಾಯಿಪಾಠ ಮಾಡಿಸಿದರು ಅಂದುಕೊಳ್ಳಿ. ಆಮೇಲೆ ಶಿವಾಜಿನಗರದ ಬಸ್ಸು. ಆಮೇಲೆ ಯಲಹಂಕದ್ದು. ಹೀಗೆ ಮೂವತ್ತು ರೂಟು. ಪರೀಕ್ಷೆಯಲ್ಲಿ "ಮೆಜೆಸ್ಟಿಕ್-ಬನಶಂಕರಿ ಮಾರ್ಗವನ್ನು ವಿವರಿಸಿ, ಪ್ರತಿ ಸ್ಟಾಪಿನಲ್ಲಿ ಟಿಕೆಟ್ ದರ ಬರೆಯಿರಿ, 10 ಅಂಕ" ಅಂತ ಕೇಳಿದರು. ನೀವು ಬರೆದಿರಿ, ಪಾಸಾದಿರಿ. ಆದರೆ ಮಧ್ಯೆ ಒಂದು ರಸ್ತೆ ಬಂದ್ ಆದರೆ ಹಿಂದೆ ಎಲ್ಲಿ ಗಾಡಿ ನಿಲ್ಲುತ್ತೆ, ಮುಂದೆ ಯಾವ ಏರಿಯಾದವರು ಬಸ್ಸಿಗೆ ಕಾದು ಸಾಯ್ತಾರೆ, ಯಾವ ಗಲ್ಲಿಯಲ್ಲಿ ಸುತ್ತುಬಳಸಿ ಹೋಗಬಹುದು, ಇದನ್ನು ಯಾರೂ ಕೇಳಲೇ ಇಲ್ಲ. ರೋಗ ಅಂದರೆ ಆ ರಸ್ತೆ ಬಂದ್ ಆಗುವುದೇ! ಡಾಕ್ಟರಿಗೆ ಬೇಕಾದದ್ದು ಅದೊಂದೇ, ಕಲಿಸದೆ ಬಿಟ್ಟದ್ದೂ ಅದನ್ನೇ.

ಉದಾಹರಣೆ ಇಲ್ಲದೆ ಬೈದರೆ ನ್ಯಾಯವಲ್ಲ. ಒಂದೇ ಒಂದು ಎಂಜೈಮ್ ತಗೊಳ್ತೀನಿ. ಪೈರುವೇಟ್ ಡಿಹೈಡ್ರೋಜಿನೇಸ್ ಅಂತ ಅದರ ಹೆಸರು. ನಾವು ತಿಂದ ಅನ್ನ ಗ್ಲೂಕೋಸ್ ಆಗಿ, ಗ್ಲೂಕೋಸ್ ಒಡೆದು ಪೈರುವೇಟ್ ಆಗಿ, ಆ ಪೈರುವೇಟ್ ಕ್ರೆಬ್ಸ್ ಸೈಕಲ್ಲಿನೊಳಗೆ ಹೋಗಬೇಕಾದರೆ ದಾಟಬೇಕಾದ ಗೇಟು ಇದು. ಗೇಟು ತೆರೆಯಲು ಐದು ಸಹಾಯಕರು ಬೇಕು. ಅದರಲ್ಲಿ ನಾಲ್ಕು ಬಿ ವಿಟಮಿನ್ನುಗಳಿಂದ ಬಂದವು. ಐದರ ಹೆಸರನ್ನೂ ನೆನಪಿಡಲು "ಟೆಂಡರ್ ಲವಿಂಗ್ ಕೇರ್ ಫಾರ್ ನ್ಯಾನ್ಸಿ" ಅಂತ ಒಂದು ಸೂತ್ರ ಇದೆ. ಮೆಡಿಕಲ್ ಓದಿದವರಲ್ಲಿ ಬಹಳ ಜನಕ್ಕೆ ಈ ನ್ಯಾನ್ಸಿ ಪರಿಚಯ. ಮೊದಲ ಅಕ್ಷರ ಥಯಾಮಿನ್‌ದು, ಅಂದರೆ ಬಿ1 ವಿಟಮಿನ್.

ಈಗ ವಾರ್ಡಿಗೆ ಬನ್ನಿ. ಎರಡು ಮೂರು ತಿಂಗಳ ಕೂಸು. ತಾಯಿಯ ಹಾಲು ಬಿಟ್ಟು ಬೇರೇನೂ ಕುಡಿದಿಲ್ಲ, ನಿನ್ನೆಯವರೆಗೆ ಚೆನ್ನಾಗಿಯೇ ಇತ್ತು. ಇವತ್ತು ಹಾಲು ಬೇಡ ಅನ್ನುತ್ತಿದೆ, ಏದುಸಿರು, ಅಳು ಸಣ್ಣಗಾಗಿದೆ. ಎಕೋ ಮಾಡಿದರೆ ಶ್ವಾಸಕೋಶದ ರಕ್ತನಾಳದ ಒತ್ತಡ ವಿಪರೀತ ಏರಿ ಹೃದಯದ ಬಲಭಾಗ ಊದಿಕೊಂಡಿದೆ. ರಕ್ತದಲ್ಲಿ ಲ್ಯಾಕ್ಟೇಟ್ ತುಂಬಿದೆ. ಹುಟ್ಟಿನಿಂದ ಬಂದ ಹೃದಯದ ದೋಷ ಯಾವುದೂ ಕಾಣುತ್ತಿಲ್ಲ. ನೋಡಿದವರಿಗೆ ಸೆಪ್ಸಿಸ್ ಅನ್ನಿಸುತ್ತೆ, ನ್ಯುಮೋನಿಯಾ ಅನ್ನಿಸುತ್ತೆ. ಇಂಥ ಕೂಸುಗಳಿಗೆ ಥಯಾಮಿನ್ ಚುಚ್ಚುಮದ್ದು ಕೊಟ್ಟಾಗ ಒಂದೆರಡು ದಿನದೊಳಗೇ ಒತ್ತಡ ಇಳಿದು ಮಗು ಹಾಲು ಕುಡಿಯಲು ಶುರುಮಾಡಿದ್ದನ್ನು ನಮ್ಮ ಕರ್ನಾಟಕದ ವೈದ್ಯರೂ ಕಾಶ್ಮೀರದ ವೈದ್ಯರೂ ಈಚಿನ ವರ್ಷಗಳಲ್ಲಿ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿ ಮಾಡಿದ್ದಾರೆ.

ಥಯಾಮಿನ್ ಕೊರತೆ ಬಂದದ್ದು ಎಲ್ಲಿಂದ? ತಾಯಿಯಿಂದ. ತಾಯಿಗೆ ಯಾಕೆ ಕೊರತೆ? ನಮ್ಮ ಬಾಣಂತಿ ಪಥ್ಯ ನೆನಪು ಮಾಡಿಕೊಳ್ಳಿ. ಪಾಲಿಶ್ ಮಾಡಿದ ಬಿಳಿ ಅಕ್ಕಿ. ಅದನ್ನು ಮೂರು ಸಲ ತೊಳೆದು, ಬೇಯಿಸಿ, ಗಂಜಿ ಬಸಿದ ಅನ್ನ. ಜೊತೆಗೆ ಮೆಣಸಿನ ಸಾರು, ತುಪ್ಪ, ಬೆಳ್ಳುಳ್ಳಿ. ಕಾಳು ವಾಯು, ತರಕಾರಿ ಥಂಡಿ, ಹಣ್ಣು ಶೀತ ಅಂತ ಒಂದೊಂದೇ ಕಡಿತ. ಎಲ್ಲ ಮನೆಯಲ್ಲೂ ಹೀಗೇ ಅಂತ ನಾನು ಹೇಳುತ್ತಿಲ್ಲ, ಕೆಲವು ಕಡೆ ಬಾಣಂತಿಗೆ ಬಹಳ ಒಳ್ಳೆಯ ಊಟವನ್ನೇ ಕೊಡುತ್ತಾರೆ. ಆದರೆ ಥಯಾಮಿನ್ ಇರುವುದು ಅಕ್ಕಿಯ ತೌಡಿನಲ್ಲಿ, ಕಾಳುಗಳಲ್ಲಿ. ನೀರಿನಲ್ಲಿ ಕರಗುವ ವಿಟಮಿನ್ ಅದು. ಮಿಲ್ಲಿನಲ್ಲಿ ಹೋಗದೆ ಉಳಿದದ್ದು ತೊಳೆದ ನೀರಿನಲ್ಲಿ, ಬಸಿದ ಗಂಜಿಯಲ್ಲಿ ಹೋಯಿತು. ತಾಯಿಗೆ ಸಿಗದ್ದು ಹಾಲಿಗೆ ಬರಲಿಲ್ಲ, ಹಾಲಿಗೆ ಬಾರದ್ದು ಕೂಸಿಗೆ ಸಿಗಲಿಲ್ಲ. ಗೇಟು ಮುಚ್ಚಿತು. ಪೈರುವೇಟ್ ಒಳಗೆ ಹೋಗಲಾರದೆ ಲ್ಯಾಕ್ಟೇಟ್ ಆಗಿ ಹೊರಗೆ ರಾಶಿ ಬಿತ್ತು.

ಅದೇ ಗೇಟು, ಇನ್ನೊಂದು ವಾರ್ಡು. ವರ್ಷಗಟ್ಟಲೆ ಕುಡಿದು, ಊಟ ಬಿಟ್ಟು, ವಾಂತಿ ಮಾಡಿಕೊಂಡು ಬಂದ ಮನುಷ್ಯ. ಮನೆಯವರು "ಸುಸ್ತಾಗಿದಾನೆ, ಒಂದು ಬಾಟ್ಲು ಗ್ಲೂಕೋಸ್ ಹಾಕಿ ಸಾರ್" ಅಂತಾರೆ. ನಮ್ಮ ಜನಕ್ಕೆ ಗ್ಲೂಕೋಸ್ ಬಾಟ್ಲಿಯ ಮೇಲಿರುವ ಭಕ್ತಿ ನಿಮಗೆ ಗೊತ್ತೇ ಇದೆ. ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ, ಗೇಟು ಮುಚ್ಚಿದ ರಸ್ತೆಗೆ ಇನ್ನಷ್ಟು ಲಾರಿ ಬಿಟ್ಟಂತೆ. ಉಳಿದಿದ್ದ ಚೂರುಪಾರು ಥಯಾಮಿನ್ನೂ ಖರ್ಚಾಗಿ ಮೆದುಳಿಗೆ ಪೆಟ್ಟು ಬೀಳಬಹುದು. ಕಣ್ಣು ತಿರುಗುತ್ತೆ, ನಡಿಗೆ ತಪ್ಪುತ್ತೆ, ಬುದ್ಧಿ ಮಂಕಾಗುತ್ತೆ. ವರ್ನಿಕೆ ಎನ್ಸೆಫಲೋಪತಿ ಅಂತಾರೆ. ಕೆಲವರಿಗೆ ನೆನಪಿನ ಶಕ್ತಿ ಮತ್ತೆ ವಾಪಸ್ ಬರುವುದೇ ಇಲ್ಲ. ತಪ್ಪಿಸಲು ಬೇಕಾದ ಔಷಧಿ ತೀರಾ ಅಗ್ಗದ್ದು.

ಈ ಎರಡು ಕಥೆಗಳನ್ನು ಮೊದಲ ವರ್ಷದ ಹುಡುಗನಿಗೆ ಹೇಳಿ, ಆಮೇಲೆ ಎಂಜೈಮಿನ ಹೆಸರು ಹೇಳಿ. ಅವನು ಮರೆಯುತ್ತಾನಾ ನೋಡೋಣ. ನಾವು ಮಾಡುವುದು ಪೂರಾ ಉಲ್ಟಾ. ಮೊದಲು ಎಂಜೈಮು, ಆಮೇಲೆ ಅದರ ಭಾಗಗಳು, ಆಮೇಲೆ ನ್ಯಾನ್ಸಿ, ಕೊನೆಗೆ ಬೆಲ್ ಹೊಡೆಯುವ ಹೊತ್ತಿಗೆ "ಕ್ಲಿನಿಕಲ್ ಇಂಪಾರ್ಟೆನ್ಸ್" ಅಂತ ಎರಡು ಸಾಲು. ಹುಡುಗ ಅಷ್ಟು ಹೊತ್ತಿಗೆ ನಿದ್ದೆ ಹೋಗಿರುತ್ತಾನೆ.

ಲ್ಯಾಬಿನವನಾಗಿ ನನಗೆ ದಿನಾ ಉರಿ ಹತ್ತಿಸುವ ಇನ್ನೊಂದು ಸಂಗತಿ ಹೇಳಲೇಬೇಕು. ಗ್ಲೂಕೋಸ್ ಒಡೆಯುವ ದಾರಿಯಲ್ಲಿ ಇನೋಲೇಸ್ ಅಂತ ಒಂದು ಎಂಜೈಮ್ ಬರುತ್ತೆ. "ಇನೋಲೇಸನ್ನು ತಡೆಯುವುದು ಯಾವುದು?" ಅಂದರೆ ಎಲ್ಲ ವಿದ್ಯಾರ್ಥಿಗಳೂ "ಫ್ಲೋರೈಡ್" ಅಂತ ಟಪ್ಪನೆ ಹೇಳುತ್ತಾರೆ. ಒಂದು ಅಂಕ. ನಾಲ್ಕು ವರ್ಷದ ನಂತರ ಅದೇ ಹುಡುಗ ಹೌಸ್ ಸರ್ಜನ್ ಆಗಿ ಶುಗರ್ ಪರೀಕ್ಷೆಗೆ ರಕ್ತವನ್ನು ಸಾದಾ ಟ್ಯೂಬಿನಲ್ಲಿ ತುಂಬಿ, ಮಧ್ಯಾಹ್ನದವರೆಗೆ ಟೇಬಲ್ ಮೇಲಿಟ್ಟು ಕಳಿಸುತ್ತಾನೆ. ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬು ಪಕ್ಕದಲ್ಲೇ ಇರುತ್ತೆ! ಟ್ಯೂಬಿನಲ್ಲಿರುವ ರಕ್ತಕಣಗಳು ಸತ್ತಿಲ್ಲ ಸ್ವಾಮಿ, ಅವೂ ಊಟ ಮಾಡುತ್ತವೆ. ಕೋಣೆಯ ಉಷ್ಣತೆಯಲ್ಲಿ ಗಂಟೆಗೆ ಶೇಕಡಾ 5ರಿಂದ 7ರಷ್ಟು ಗ್ಲೂಕೋಸ್ ತಿಂದು ಮುಗಿಸುತ್ತವೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ 130 ಇದ್ದದ್ದು ಮೂರು ಗಂಟೆ ಕಳೆದರೆ 110ರ ಹತ್ತಿರ ಬಂದಿರುತ್ತೆ. 126 ದಾಟಿದರೆ ಡಯಾಬಿಟಿಸ್ ಅಂತ ಲೆಕ್ಕ. ಟೇಬಲ್ ಮೇಲೇ ಕಾಯಿಲೆ ವಾಸಿಯಾಯಿತು ನೋಡಿ! ಫ್ಲೋರೈಡ್ ಕೂಡ ಹಾಕಿದ ಕ್ಷಣವೇ ಪೂರ್ತಿ ತಡೆಯುವುದಿಲ್ಲ, ಹಾಗಾಗಿ ರಕ್ತ ಬೇಗ ಲ್ಯಾಬಿಗೆ ಬರಲೇಬೇಕು. ಇನೋಲೇಸ್ ಪಾಠದ ದಿನವೇ ಎರಡು ಟ್ಯೂಬು ರಕ್ತ ತಂದು, ಒಂದನ್ನು ಸಾದಾ, ಒಂದನ್ನು ಫ್ಲೋರೈಡ್ ಟ್ಯೂಬಿನಲ್ಲಿಟ್ಟು, ಮೂರು ಗಂಟೆ ಬಿಟ್ಟು ವಿದ್ಯಾರ್ಥಿಗಳ ಕೈಯಲ್ಲೇ ಅಳೆಸಿದ್ದರೆ ಇದು ಆಗುತ್ತಿರಲಿಲ್ಲ. ಖರ್ಚು ಒಂದು ಕಾಫಿಯಷ್ಟೂ ಇಲ್ಲ.

ಅದರ ಬದಲು ಪ್ರಾಕ್ಟಿಕಲ್ಸಿನಲ್ಲಿ ಏನು ನಡೆಯುತ್ತೆ? ಬೆನೆಡಿಕ್ಟ್ ದ್ರಾವಣ ಕಾಯಿಸಿ ನೀಲಿ ಹೋಗಿ ಇಟ್ಟಿಗೆ ಕೆಂಪು ಬಂತಾ ನೋಡುವುದು, ಮೋಲಿಶ್ ಪರೀಕ್ಷೆ ಮಾಡಿ ನೇರಳೆ ಉಂಗುರ ಬಂತಾ ನೋಡುವುದು. ಸುಕ್ರೋಸೋ ಮಾಲ್ಟೋಸೋ ಅಂತ ಪತ್ತೆ ಹಚ್ಚುವುದು. ನನಗೆ ಗೊತ್ತಿರುವ ಯಾವ ರೋಗಿಯೂ "ಡಾಕ್ಟ್ರೇ, ಈ ಟ್ಯೂಬಿನಲ್ಲಿರೋದು ಮಾಲ್ಟೋಸಾ ಹೇಳಿ" ಅಂತ ಬಂದಿಲ್ಲ :-)

ಇತಿಹಾಸವನ್ನಾದರೂ ಸರಿಯಾಗಿ ಹೇಳುತ್ತಾರಾ? ಅದೂ ಇಲ್ಲ. ಈ ಹಾನ್ಸ್ ಕ್ರೆಬ್ಸ್ ಸ್ವತಃ ಮೆಡಿಕಲ್ ಓದಿದವನು. ಯೂರಿಯಾ ಸೈಕಲ್ಲನ್ನು ಅವನು 1932ರಲ್ಲಿ ಕಂಡುಹಿಡಿದದ್ದು ಜರ್ಮನಿಯ ಫ್ರೈಬರ್ಗಿನಲ್ಲಿ, ಜೊತೆಗೆ ಕೆಲಸ ಮಾಡಿದ ಕುರ್ಟ್ ಹೆನ್ಸೆಲೈಟ್ ಆಗಿನ್ನೂ ಮೆಡಿಕಲ್ ವಿದ್ಯಾರ್ಥಿ. ಮರುವರ್ಷವೇ ನಾಜಿಗಳು ಯಹೂದಿ ಅಂತ ಕ್ರೆಬ್ಸ್‌ನನ್ನು ಕೆಲಸದಿಂದ ತೆಗೆದರು. ಇಂಗ್ಲೆಂಡಿಗೆ ಬಂದು, ಶೆಫೀಲ್ಡಿನಲ್ಲಿ ಪಾರಿವಾಳದ ಎದೆಯ ಮಾಂಸ ಅರೆದು ಪ್ರಯೋಗ ಮಾಡಿ 1937ರಲ್ಲಿ ಇನ್ನೊಂದು ಸೈಕಲ್ ಕಂಡುಹಿಡಿದ. ನೇಚರ್ ಪತ್ರಿಕೆ ಜಾಗ ಇಲ್ಲ ಅಂತ ಆ ಬರಹವನ್ನು ಹಿಂದಕ್ಕೆ ಕಳಿಸಿತು. 1953ರಲ್ಲಿ ನೊಬೆಲ್ ಬಂತು. ಒಬ್ಬ ಮೆಡಿಕಲ್ ವಿದ್ಯಾರ್ಥಿ ಸೇರಿ ಕಂಡುಹಿಡಿದದ್ದನ್ನು ಇವತ್ತು ಮೆಡಿಕಲ್ ವಿದ್ಯಾರ್ಥಿ ಅರ್ಥವಾಗದೆ ಉರು ಹೊಡೆಯುತ್ತಿದ್ದಾನೆ.

ನಮ್ಮ ನೆಲದ ಕಥೆಯೂ ಇದೆ. 1920ರ ದಶಕದ ಕೊನೆಯಲ್ಲಿ ಲೂಸಿ ವಿಲ್ಸ್ ಎಂಬ ಬ್ರಿಟಿಷ್ ವೈದ್ಯೆ ಮುಂಬಯಿಗೆ ಬಂದು, ಬಡ ಗರ್ಭಿಣಿಯರ ಒಂದು ವಿಚಿತ್ರ ರಕ್ತಹೀನತೆಯ ಬೆನ್ನು ಹತ್ತಿದಳು. ಅದನ್ನು ವಾಸಿ ಮಾಡಿದ್ದು ಬ್ರೆಡ್ಡಿಗೆ ಸವರುವ ಮಾರ್ಮೈಟ್ ಎಂಬ ಯೀಸ್ಟ್ ಸಾರ. 1931ರಲ್ಲಿ ಅದನ್ನು ಪ್ರಕಟಿಸಿದಳು. ಅದರೊಳಗಿದ್ದ ವಸ್ತುವೇ ಫೋಲಿಕ್ ಆಸಿಡ್ ಅಂತ ಆಮೇಲೆ ಗೊತ್ತಾಯಿತು. ಅಮೆರಿಕದಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ತಂಡದ ಮುಂದಾಳು ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅದೇ ಫೋಲಿಕ್ ಆಸಿಡ್ಡಿಗೆ ಅಡ್ಡಗಾಲು ಹಾಕುವ ಔಷಧಿಗಳನ್ನೂ ಅವರ ತಂಡವೇ ಮಾಡಿತು. ಅದರಲ್ಲೊಂದನ್ನು ಕೊಟ್ಟಾಗ ರಕ್ತದ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಕೆಲವರಿಗೆ ತಾತ್ಕಾಲಿಕವಾಗಿಯಾದರೂ ಗುಣ ಕಂಡಿತು ಅಂತ ಸಿಡ್ನಿ ಫಾರ್ಬರ್ 1948ರಲ್ಲಿ ವರದಿ ಮಾಡಿದ. ಇಷ್ಟೆಲ್ಲ ಹೇಳಿದ ಮೇಲೆ "ಒನ್ ಕಾರ್ಬನ್ ಮೆಟಬಾಲಿಸಂ" ಅಂತ ಬೋರ್ಡಿನ ಮೇಲೆ ಬರೆಯಿರಿ. ಇಡೀ ತರಗತಿ ಎದ್ದು ಕೂರುತ್ತೆ.

ಇನ್ನು ನನ್ನನ್ನು ಬೈಯುವವರ ಮಾತು. "ಸಿಲಬಸ್ ಈಗ ಬದಲಾಗಿದೆಯಲ್ಲ?" ಅಂತ ಮೊದಲು ಕೇಳುತ್ತಾರೆ. ನಿಜ. 2019ರಲ್ಲಿ ಹೊಸ ಪಠ್ಯಕ್ರಮ ಬಂತು. ಬಯೋಕೆಮಿಸ್ಟ್ರಿಗೆ 80 ಗಂಟೆ ಲೆಕ್ಚರ್, 150 ಗಂಟೆ ಸಣ್ಣ ಗುಂಪಿನ ಕಲಿಕೆ, 20 ಗಂಟೆ ಸ್ವಂತ ಕಲಿಕೆ ಅಂತ ಬರೆದರು. ಮೊದಲ ವರ್ಷದಿಂದಲೇ ರೋಗಿಗಳ ಪರಿಚಯ ಆಗಬೇಕು ಅಂದರು. ಬಹಳ ಒಳ್ಳೆಯ ಮಾತು. ಆಮೇಲೆ ತಿದ್ದುಪಡಿಗಳೂ ಬಂದವು. ಆದರೆ ನಾನು ಕಂಡ ಕಡೆಗಳಲ್ಲಿ ಸಣ್ಣ ಗುಂಪು ಅಂದರೆ ದೊಡ್ಡ ಹಾಲಿನಲ್ಲಿ ಕೂತ ಅರ್ಧ ಕ್ಲಾಸು, ರೋಗಿಯ ಪರಿಚಯ ಅಂದರೆ ಪವರ್‌ಪಾಯಿಂಟಿನಲ್ಲಿ ಒಂದು ಫೋಟೋ. ಲಾಗ್‌ಬುಕ್ಕಿನಲ್ಲಿ ಮಾತ್ರ ಎಲ್ಲ ಸಹಿಗಳೂ ಸರಿಯಾಗಿರುತ್ತವೆ. ಪ್ರಶ್ನೆಪತ್ರಿಕೆಯಲ್ಲಿ ಒಂದೆರಡು ರೋಗಿಯ ಕಥೆ ಬರುತ್ತದೆ, ಒಪ್ಪಿದೆ. ಆದರೆ "ಮೂವತ್ತು ವರ್ಷದ ಗಂಡಸು ಹೀಗೆ ಹೀಗೆ ಬಂದ" ಅಂತ ಎರಡು ಸಾಲು ಬರೆದು, ಕೆಳಗೆ "ಈ ಮಾರ್ಗವನ್ನು ವಿವರಿಸಿ" ಅಂತ ಅದೇ ಹಳೇ ಪ್ರಶ್ನೆ ಕೇಳಿದರೆ ಅದು ರೋಗಿಯ ಕಥೆಯಲ್ಲ, ಹಳೇ ಮದುಮಗನಿಗೆ ಹೊಸ ಪೇಟ.

ಎರಡನೆಯದು, "ಎಂಡಿ ಓದಿದವರು ಕಲಿಸಬೇಕೋ, ಎಂಎಸ್ಸಿ ಓದಿದವರು ಕಲಿಸಬೇಕೋ" ಎಂಬ ಜಗಳ. ಇದು ವರ್ಷಗಳಿಂದ ನಡೆದಿದೆ, ಕೋರ್ಟು ಕಚೇರಿಯೂ ಆಗಿದೆ. ನನಗನ್ನಿಸುವುದು, ಇದರಲ್ಲಿ ವಿದ್ಯಾರ್ಥಿಗೆ ಮೂರು ಕಾಸಿನ ಲಾಭ ಇಲ್ಲ. ಇಬ್ಬರೂ ಅದೇ ಸ್ಲೈಡುಗಳನ್ನು ಓದುತ್ತಿರುವಾಗ ಓದುವವರ ಡಿಗ್ರಿ ಯಾವುದಾದರೇನು? ಇನ್ನೊಂದು ಕಡೆ ನೋಡಿ, ಪಿಜಿಗೆ ಈ ವಿಷಯ ಬೇಕು ಅಂತ ಬರುವವರೇ ಕಡಿಮೆ. ಪ್ರತಿ ವರ್ಷ ಕ್ಲಿನಿಕಲ್ ಅಲ್ಲದ ಸೀಟುಗಳು ಖಾಲಿ ಬೀಳುತ್ತವೆ. 2023ರಲ್ಲಂತೂ ಖಾಲಿ ಸೀಟು ತುಂಬಲು ನೀಟ್ ಪಿಜಿಯ ಕಟಾಫನ್ನು ಸೊನ್ನೆ ಪರ್ಸೆಂಟೈಲಿಗೆ ಇಳಿಸಿದರು. ಹದಿನೆಂಟು ವರ್ಷದ ಮಕ್ಕಳಿಗೆ ಒಂದು ವಿಷಯದ ಮೇಲೆ ವಾಕರಿಕೆ ಬರಿಸಿ ಕಳಿಸಿದರೆ ಇಪ್ಪತ್ತೈದರಲ್ಲಿ ಅದನ್ನೇ ಓದಲು ಬರುತ್ತಾರಾ?

ಮೂರನೆಯದು, "ತಳಪಾಯ ಗಟ್ಟಿಯಾಗಲಿ, ರೋಗದ ಮಾತು ಆಮೇಲೆ". ಇದು ಕೇಳಲು ಚೆನ್ನಾಗಿದೆ. ಆದರೆ ಇವತ್ತು ಮೆಡಿಕಲ್ ಸೇರುವ ಹುಡುಗಿಯ ಮನೆಯಲ್ಲಿ ಅಜ್ಜಿಗೆ ಶುಗರ್ ಇದೆ, ಅಪ್ಪನಿಗೆ ಕೊಲೆಸ್ಟ್ರಾಲ್ ಇದೆ. ಅಜ್ಜಿ ಶುಗರ್ ಮಾತ್ರೆ ನುಂಗಿ ಏಕಾದಶಿ ಉಪವಾಸ ಮಾಡಿ ತಲೆಸುತ್ತಿ ಬಿದ್ದದ್ದನ್ನು ಅವಳು ಕಣ್ಣಾರೆ ಕಂಡಿದ್ದಾಳೆ. ಉಪವಾಸದಲ್ಲಿ ದೇಹ ಗ್ಲೂಕೋಸನ್ನು ಎಲ್ಲಿಂದ ತರುತ್ತೆ ಎಂಬ ಪಾಠಕ್ಕೆ ಇದಕ್ಕಿಂತ ತಳಪಾಯ ಬೇಕಾ?

ಬಾಯಿಪಾಠ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಮಗ್ಗಿ ಬಾರದೆ ಲೆಕ್ಕ ಬಾರದು. ಉಂಡಾಗ, ಉಪವಾಸವಿದ್ದಾಗ ಯಾವ ಅಂಗ ಏನನ್ನು ಉರಿಸುತ್ತೆ, ಪ್ರತಿ ದಾರಿಯ ಮುಖ್ಯ ಗೇಟು ಯಾವುದು, ಯಾವ ಗೇಟಿಗೆ ಯಾವ ವಿಟಮಿನ್ನು, ಸೋಡಿಯಂ ಪೊಟ್ಯಾಸಿಯಂ ಗ್ಲೂಕೋಸ್ ಇತ್ಯಾದಿ ಸರಿಯಾದ ಪ್ರಮಾಣ ಎಷ್ಟು, ಇಷ್ಟು ನಿದ್ದೆಯಲ್ಲೂ ಬರಬೇಕು. ಉಳಿದ ಬಾಣದ ಗುರುತುಗಳು ಗೋಡೆಯ ಚಾರ್ಟಿನಲ್ಲಿ ಇರಲಿ.

ಹಾಗಾದರೆ ಏನು ಮಾಡಬೇಕು? ಬರೀ ಬೈದು ಹೋಗುವ ಆಸಾಮಿ ನಾನಲ್ಲ :-)

ಮೊದಲು ಪರೀಕ್ಷೆ ಬದಲಾಗಲಿ. ಮೆಟಬಾಲಿಸಂ ಚಾರ್ಟನ್ನು ಪರೀಕ್ಷಾ ಹಾಲಿನಲ್ಲೇ ಎಲ್ಲರ ಕೈಗೆ ಕೊಡಿ. ಹೌದು, ಇಂಜಿನಿಯರುಗಳಿಗೆ ಡೇಟಾ ಹ್ಯಾಂಡ್‌ಬುಕ್ ಕೊಡುವುದಿಲ್ಲವೇ ಹಾಗೆ. ಕೊಟ್ಟು, "ಈ ಕೂಸಿನ ಲ್ಯಾಕ್ಟೇಟ್ ಯಾಕೆ ಏರಿದೆ? ತಾಯಿಯನ್ನು ಏನು ಕೇಳುತ್ತೀಯ? ಯಾವ ಪರೀಕ್ಷೆ, ಯಾವ ಟ್ಯೂಬಿನಲ್ಲಿ?" ಅಂತ ಕೇಳಿ. ಚಾರ್ಟ್ ಕೈಯಲ್ಲಿದ್ದರೂ ಬರೆಯಲಾಗದಿದ್ದರೆ ಅವನಿಗೆ ವಿಷಯ ಬಂದಿಲ್ಲ ಅಂತ ಅರ್ಥ. ಪರೀಕ್ಷೆ ಬದಲಾಗದೆ ಪಾಠ ಬದಲಾಗುವುದಿಲ್ಲ, ಇದು ಎಲ್ಲ ಮೇಷ್ಟ್ರುಗಳಿಗೂ ಗೊತ್ತಿರುವ ಗುಟ್ಟು.

ಎರಡನೆಯದು, ಪ್ರತಿ ವಿದ್ಯಾರ್ಥಿಯೂ ಒಂದು ರಕ್ತದ ಮಾದರಿಯ ಹಿಂದೆ ನಡೆಯಲಿ. ಸೂಜಿ ಚುಚ್ಚುವಲ್ಲಿಂದ ರಿಪೋರ್ಟು ಪ್ರಿಂಟಾಗುವವರೆಗೆ. ರಕ್ತಕಣ ಒಡೆದ ಮಾದರಿಯಲ್ಲಿ ಪೊಟ್ಯಾಸಿಯಂ ಸುಳ್ಳುಸುಳ್ಳೇ ಏರುವುದನ್ನು ನೋಡಲಿ. ಕಬ್ಬಿಣದ ಕೊರತೆಯ ಹೆಂಗಸರಲ್ಲಿ ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು ಅಂತ ತಿಳಿಯಲಿ. ನಮ್ಮಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಅಂತ ನಿಮಗೇ ಗೊತ್ತು, ಇದು ಸಣ್ಣ ವಿಷಯವಲ್ಲ.

ಮೂರನೆಯದು, ಈ ವಿಷಯ ಮೊದಲ ವರ್ಷಕ್ಕೇ ಸತ್ತುಹೋಗದಿರಲಿ. ಕೊನೆಯ ವರ್ಷದಲ್ಲಿ, ಹೌಸ್ ಸರ್ಜೆನ್ಸಿಯಲ್ಲಿ ವಾರಕ್ಕೆ ಒಂದು ಗಂಟೆ ಬಯೋಕೆಮಿಸ್ಟ್ರಿ ಮೇಷ್ಟ್ರು ಮೆಡಿಸಿನ್ ವಾರ್ಡಿಗೆ ಬರಲಿ. ಆ ವಾರದ ನಾಲ್ಕು ವಿಚಿತ್ರ ರಿಪೋರ್ಟುಗಳನ್ನು ಎಲ್ಲರೂ ಕೂತು ಬಿಡಿಸಲಿ. ಮೇಷ್ಟ್ರಿಗೂ ರೋಗಿಯ ಮುಖ ನೋಡಿದಂತಾಗುತ್ತೆ.

ಕೊನೆಯದು ನಮ್ಮ ಭಾಷೆಯ ಮಾತು. ನಮ್ಮ ರಾಜ್ಯದಲ್ಲಿ ಹಳ್ಳಿಯಲ್ಲಿ ಓದಿದವರಿಗೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೀಸಲಾತಿ ಕೊಟ್ಟು ಕರೆತರುತ್ತೇವೆ. ಕರೆತಂದು, ಮೊದಲ ದಿನದಿಂದ ಇಂಗ್ಲಿಷ್ ಸ್ಲೈಡುಗಳ ಮಳೆ. ಪಾರಿಭಾಷಿಕ ಪದಗಳನ್ನೆಲ್ಲ ಸಂಸ್ಕೃತ ಮಾಡಿ ಅಂತ ನಾನು ಕೇಳುತ್ತಿಲ್ಲ, ಎಂಜೈಮ್ ಎಂಜೈಮಾಗಿಯೇ ಇರಲಿ. ಆದರೆ ವೈವಾದಲ್ಲಿ ಒಂದು ಪ್ರಶ್ನೆ ಕಡ್ಡಾಯವಾಗಿ ಹೀಗಿರಲಿ: "ಈ ಬಾಣಂತಿಯ ಅತ್ತೆ ನಿನ್ನ ಮುಂದೆ ನಿಂತಿದ್ದಾಳೆ. ಸೊಸೆಗೆ ಕಾಳು ಯಾಕೆ ಕೊಡಬೇಕು, ಗಂಜಿ ಯಾಕೆ ಬಸಿಯಬಾರದು, ಕನ್ನಡದಲ್ಲಿ ಹೇಳು." ಆ ಅತ್ತೆಯನ್ನು ಒಪ್ಪಿಸಲು ಬಂದವನಿಗೆ ಪೈರುವೇಟ್ ಡಿಹೈಡ್ರೋಜಿನೇಸ್ ಗೊತ್ತು ಅಂತ ನಾನು ಕಣ್ಣು ಮುಚ್ಚಿ ಸಹಿ ಹಾಕುತ್ತೇನೆ.

ನಿಮ್ಮಲ್ಲಿ ಮೆಡಿಕಲ್ ಓದಿದವರಿದ್ದರೆ, ಕಲಿಸುವವರಿದ್ದರೆ ದಯವಿಟ್ಟು ಜಗಳಕ್ಕೆ ಬನ್ನಿ, ವಿಶೇಷವಾಗಿ ಪರೀಕ್ಷಾ ಹಾಲಿಗೆ ಚಾರ್ಟ್ ಕೊಡುವ ವಿಚಾರದಲ್ಲಿ. ಉಳಿದವರು ಅಮ್ಮನಿಗೆ ಫೋನ್ ಮಾಡಿ, ನಿಮ್ಮ ಮನೆಯ ಬಾಣಂತಿ ಪಥ್ಯದಲ್ಲಿ ಏನಿತ್ತು, ಏನಿರಲಿಲ್ಲ ಅಂತ ಕೇಳಿ ಬರೆಯಿರಿ. ಊರೂರಿಗೆ ಇದು ಹೇಗೆ ಬದಲಾಗುತ್ತೆ ಅಂತ ತಿಳಿಯುವ ಆಸೆ ನನಗಿದೆ. ಯಾವುದಾದರೂ ಕಾಲೇಜಿನಲ್ಲಿ ಪಾಠಕ್ಕೂ ಬಂದೀತು.